ಹುಲ್ಲು ಒಣಗುವ ತನಕ

ಅರ್ಧ ಮುಖಕ್ಕೆ ಸೋಪಿನ ನೊರೆ ಹಚ್ಚಿಕೊಂಡೇ ಮಾಮ ಹಿತ್ತಲ ಬಾಗಿಲಿನಿಂದ ಆಚೆಗೆ ಓಡಿದ. ಗಡ್ಡ ಹೆರೆಯುತ್ತಿದ್ದವನ ಕಿವಿಗೆ ದಿಬ್ಬದ ಕಡೆಯಿಂದ ಮೋಟರಿನ ಸದ್ದು ಬಿದ್ದಿತ್ತು. ಕಾಲಿಗೆ ಸಿಕ್ಕ ಚಪ್ಪಲಿ ಮೆಟ್ಟಿಕೊಂಡಿದ್ದ. ಒಂದು ತನ್ನದು, ಇನ್ನೊಂದು ಯಾವ ನೆಂಟರದೋ.

ಸ್ಮಶಾನದ ದಿಬ್ಬದ ಬುಡದಲ್ಲಿ ಹುಲ್ಲು ಕತ್ತರಿಸುವ ಯಂತ್ರ ಧೂಳೆಬ್ಬಿಸುತ್ತ ನಡೆದಿತ್ತು. ಅದನ್ನು ತಳ್ಳುತ್ತಿದ್ದವನ ಕಿವಿಯಲ್ಲಿ ಹತ್ತಿ. ಗೇಟಿನ ಪಕ್ಕದ ಒಂದು ಪಟ್ಟೆ ಆಗಲೇ ಬೋಳಾಗಿತ್ತು. ಮಾಮ ಕೈ ಬೀಸಿದ. ಕೂಗಬೇಕೆಂದುಕೊಂಡ, ಆಯುಷ್ಯದಲ್ಲಿ ಯಾರ ಮೇಲೂ ಕೂಗಿ ಗೊತ್ತಿಲ್ಲದ ಗಂಟಲು ಆ ಹೊತ್ತಿಗೂ ಕೈಕೊಟ್ಟಿತು. ಕೊನೆಗೆ ಸೀದಾ ಹೋಗಿ ಯಂತ್ರದ ಎದುರಿಗೇ ನಿಂತುಬಿಟ್ಟ.

ಮೋಟರು ಕೆಮ್ಮಿ ನಿಂತಿತು.

"ಏನ್ ಸಾರ್, ಸಾಯೋಕೆ ಬಂದ್ರಾ?" ಎಂದು ಯಂತ್ರದವ ರೇಗಿದ. ತಾನು ನಿಂತಿರುವ ಜಾಗ ಯಾವುದೆಂದು ನೆನಪಾಗಿ ನಾಲಿಗೆ ಕಚ್ಚಿಕೊಂಡ.

"ಸ್ವಲ್ಪ ನಿಲ್ಸಪ್ಪ. ಇದನ್ನ ಯಾರು ಕತ್ತರಿಸೋಕೆ ಹೇಳಿದ್ದು?"

"ಇನ್ಯಾರು, ಸ್ಮಶಾನ ಸಮಿತಿ ಅಧ್ಯಕ್ಷರು. ನಿಮ್ಮಕ್ಕನವರ ಕೊನೆ ದಿನ, ಊರೆಲ್ಲ ಬರತ್ತೆ, ದಿಬ್ಬ ಪೂರ್ತಿ ನೀಟಾಗಿ ಕಾಣ್ಬೇಕು ಅಂದ್ರು. ಕೂಲಿ ಕೂಡ ನಾನು ಬೇಡ ಅಂದಿದೀನಿ ಸಾರ್. ನಮ್ಮಪ್ಪನ ಗುಂಡಿ ಮೇಲೆ ಕಳೆ ಬೆಳೆದಾಗೆಲ್ಲ ಅವರೇ ಕಿತ್ತು ಹಾಕ್ತಿದ್ರು."

ಮಾಮನಿಗೆ ನುಂಗಲಾರದ ತುತ್ತಾಯಿತು. ಬಯ್ಯಲು ಬಂದವನಾಗಿದ್ದರೆ ಬೈದು ಕಳಿಸಬಹುದಿತ್ತು. ಪ್ರೀತಿಯಿಂದ ಬಂದವನಿಗೆ ಏನು ಹೇಳುವುದು? ಅವನ ಹಿಂದೆ ದಿಬ್ಬದ ತುಂಬ ಹುಲ್ಲು ಮೊಣಕಾಲೆತ್ತರ ನಿಂತಿತ್ತು. ಅದರ ಬುಡದಲ್ಲಿ, ನೆಲಕ್ಕೆ ಅಂಟಿಕೊಂಡು ಹಬ್ಬುವ ಸಣ್ಣ ನೇರಳೆ ಹೂವು. ಆ ಹೂವಿನ ಒಡಲಲ್ಲಿ, ಬರಿಗಣ್ಣಿಗೆ ಕಾಣದ ಹಾಗೆ, ಅಕ್ಕನ ಇಡೀ ವರ್ಷ.

"ಈಗ ಕತ್ತರಿಸಲೋ ಬೇಡವೋ? ಒಂದು ಮಾತು ಹೇಳಿಬಿಡಿ ಸಾರ್."

"ನೋಡೋಣ," ಎಂದ ಮಾಮ. "ಮೊದ್ಲು ಒಳಗೆ ಬಾ. ಟೀ ಕುಡಿ."

ಪೇಟೆಯಲ್ಲಿ ಕನ್ನಡಕದ ಅಂಗಡಿ ಇಟ್ಟುಕೊಂಡ ಈ ಮನುಷ್ಯನಿಗೆ ನೋಡೋಣ ಮಾಮ ಎಂಬ ಹೆಸರು ಬಂದದ್ದು ಸುಮ್ಮನಲ್ಲ. ಸಾಲ ಕೇಳಿದವರಿಗೂ ನೋಡೋಣ, ಹೆಣ್ಣು ನೋಡಿ ಬಂದು ಒಪ್ಪಿಗೆಯಾ ಎಂದು ಕೇಳಿದವರಿಗೂ ನೋಡೋಣ. ಹಾಗೆ ನೋಡುತ್ತ ನೋಡುತ್ತಲೇ ಆ ಹೆಣ್ಣಿಗೆ ಬೇರೆ ಕಡೆ ಮದುವೆಯಾಗಿ ಮೊಮ್ಮಕ್ಕಳಾಗಿದ್ದವು. ಕನ್ನಡಕ ಮಾರೋನು ನೋಡೋಣ ಅನ್ನದೆ ಇನ್ನೇನಂತಾನೆ ಎಂದು ಅಕ್ಕ ನಗುತ್ತಿದ್ದಳು. ಅಡ್ಡಗೋಡೆಯ ಮೇಲೆ ದೀಪ ಇಟ್ಟಂತೆ ಮಾತಾಡಿ ಈ ವಯಸ್ಸಿನವರೆಗೂ ಹೇಗೋ ದಾಟಿ ಬಂದವನಿಗೆ, ಈವತ್ತು ಒಂದು ಮಾತನ್ನು ಖಡಾಖಂಡಿತವಾಗಿ ಹೇಳಬೇಕಾಗಿತ್ತು. ಹೇಳಬೇಕಾದದ್ದು ಈ ಯಂತ್ರದವನಿಗಲ್ಲ. ಇವನದು ಸಣ್ಣ ವಿಷಯ. ಹೇಳಬೇಕಾದದ್ದು ಒಳಗೆ, ಅಡುಗೆಮನೆಯಲ್ಲಿ, ನೆಂಟರಿಗೆಲ್ಲ ಲೋಟ ತುಂಬಿ ಕೊಡುತ್ತ ನಿಂತಿದ್ದ ಅಕ್ಕನ ಮಗಳಿಗೆ.

ಸ್ಮಶಾನ ಕಾಯುತ್ತಿದ್ದ ಅಕ್ಕನ, ಗೇಟಿನ ಪಕ್ಕದ ಆ ಕಾವಲು ಮನೆ ಎಷ್ಟು ಚಿಕ್ಕದೆಂದರೆ, ನಡುಮನೆಯಲ್ಲಿ ಅಕ್ಕನ ಶವಪೆಟ್ಟಿಗೆ ಇಟ್ಟ ಮೇಲೆ ಬಂದವರು ಗೋಡೆಗೆ ಅಂಟಿಕೊಂಡೇ ಓಡಾಡಬೇಕಾಗಿತ್ತು. ಅಡುಗೆಮನೆಯ ಕಿಟಕಿ ತೆರೆದರೆ ದಿಬ್ಬ. ಪುಟ್ಟಿ ಆ ಕಿಟಕಿಗೆ ಬೆನ್ನು ಹಾಕಿ ನಿಂತಿದ್ದಳು. ಊರಿನ ಅತಿ ಇಕ್ಕಟ್ಟಾದ ರಸ್ತೆಗಳಲ್ಲಿ ದೊಡ್ಡ ಬಸ್ಸು ಓಡಿಸುವ ಹೆಂಗಸನ್ನು ಇನ್ನೂ ಪುಟ್ಟಿ ಎಂದು ಕರೆಯುವವರು ಇಬ್ಬರೇ ಇದ್ದರು. ಈಗ ಒಬ್ಬನೇ.

"ಮಾಮ, ಮುಖ ಒರೆಸ್ಕೊ," ಎಂದು ಅವಳು ಟವೆಲು ಎಸೆದಳು. "ಅರ್ಧ ಗಡ್ಡ ಬಿಟ್ಕೊಂಡು ಅಮ್ಮನ್ನ ಕಳಿಸ್ತೀಯಾ?"

ಬಾಗಿಲ ಬಳಿ ಗುಂಡಿ ತೋಡುವ ಹಾರೆಯಣ್ಣ ಹೆಗಲ ಮೇಲೆ ಹಾರೆ ಇಟ್ಟುಕೊಂಡೇ ಟೀ ಹೀರುತ್ತಿದ್ದ. ಭಾವನಿಗೂ ಗುಂಡಿ ತೋಡಿದ್ದು ಇವನೇ.

"ಜಾಗ ಒಂದು ಹೇಳ್ಬಿಡವ್ವ," ಎಂದ ಅವನು. "ಬಿಸಿಲೇರೋಕೆ ಮುಂಚೆ ಶುರು ಮಾಡ್ತೀನಿ. ನೆಲ ಕಲ್ಲಾಗಿದೆ."

"ಅದೇನು ಕೇಳೋದು? ಅಪ್ಪನ ಪಕ್ಕ. ಜಾಗ ಆವತ್ತಿಂದ ಹಾಗೇ ಬಿಟ್ಟಿದಾರಲ್ಲ."

"ದಿಬ್ಬದ ನಟ್ಟನಡುವೆ ಅದು. ಪೆಟ್ಟಿಗೆ ಹೊರೋಕೆ ಬುಡದಿಂದ ದಾರಿ ಸವರ್ಬೇಕು. ಅಗಲವಾಗೇ ಸವರ್ಬೇಕು, ಎರಡೂ ಕಡೆ ಹೊರೋರು ನಡೀಬೇಕಲ್ಲ." ಹಾರೆಯಣ್ಣ ಲೋಟದ ಅಂಚಿನ ಮೇಲಿಂದ ಮಾಮನನ್ನು ನೋಡಿದ. ಅವನಿಗೂ ಏನೋ ಅನುಮಾನ ಇದ್ದಂತಿತ್ತು. "ಅಲ್ವಾ ಮಾಮ?"

ಮಾಮ ಟವೆಲಿನಿಂದ ಮುಖದ ನೊರೆ ಒರೆಸಿಕೊಂಡ. ಈಗ ಹೇಳಬೇಕು. ಮೊನ್ನೆ ರಾತ್ರಿ ಆಸ್ಪತ್ರೆಯಿಂದ ಫೋನು ಬಂದಾಗಿನಿಂದ ಈ ಗಳಿಗೆಗೇ ಅವನು ಹೆದರಿದ್ದ. ಪುಟ್ಟಿ ಲೋಟಗಳನ್ನು ತಟ್ಟೆಯಲ್ಲಿ ಜೋಡಿಸುತ್ತಿದ್ದಳು, ಅವಳ ಕಣ್ಣು ಊದಿಕೊಂಡಿತ್ತು.

"ನೋಡೋಣ," ಎಂದುಬಿಟ್ಟ.

*

ಆಸ್ಪತ್ರೆಯಲ್ಲಿ ಅಕ್ಕನ ಮಂಚ ಕಿಟಕಿಯ ಪಕ್ಕ ಇತ್ತು. ಕಿಟಕಿಯಾಚೆ ಕಾರು ನಿಲ್ಲಿಸುವ ಜಾಗ ಬಿಟ್ಟರೆ ಬೇರೇನೂ ಕಾಣುತ್ತಿರಲಿಲ್ಲ. ಆದರೂ ಅವಳು ಆ ಕಡೆಗೇ ತಿರುಗಿ ಮಲಗಿರುತ್ತಿದ್ದಳು. ಮಳೆ ಬರತ್ತಾ, ಬಿಸಿಲು ಜಾಸ್ತಿಯಾಯಿತಾ ಎಂಬುದೇ ಅವಳ ಚಿಂತೆ. ಡಾಕ್ಟರು ಅವಳ ಒಳಗಿನ ವಿಷಯ ಹೇಳುತ್ತಿದ್ದರೆ ಅವಳು ಹೊರಗಿನ ಮೋಡ ನೋಡುತ್ತಿದ್ದಳು.

ಒಂದು ಮಧ್ಯಾಹ್ನ ನರ್ಸು ಆಚೆ ಹೋದದ್ದನ್ನು ನೋಡಿಕೊಂಡು ತಮ್ಮನ ಮಣಿಕಟ್ಟು ಹಿಡಿದಳು. ಅಷ್ಟು ಸೊರಗಿದ್ದರೂ ಹಿಡಿತ ಗಟ್ಟಿಯಾಗಿತ್ತು.

"ಕೇಳಿಲ್ಲಿ. ಹುಲ್ಲು ಒಣಗಿ, ಕೊಯ್ಲು ಮುಗಿಯೋ ತನಕ ನಾನಿದ್ರೆ, ನಿಮ್ಮ ಭಾವನ ಪಕ್ಕ ಹಾಕಿ. ಆಗ ಚಿಟ್ಟೆ ಹುಳಗಳೆಲ್ಲ ಇರುವೆ ಗೂಡು ಸೇರಿರ್ತವೆ. ಒಂದು ಗುಂಡಿ ತೋಡಿದ್ರೆ ಅಂಥ ನಷ್ಟ ಏನಿಲ್ಲ."

"ಅಕ್ಕ, ಈಗ ಯಾಕೆ ಆ ಮಾತು."

"ಅದಕ್ಕೆ ಮುಂಚೆ ಹೋದ್ರೆ, ಅಲ್ಲಿ ಬೇಡ. ಹಿಂದಿನ ಗೋಡೆ ಪಕ್ಕ ಹಾಕಿ, ಸಲಕರಣೆ ಕೋಣೆ ಹತ್ರ. ಅಲ್ಲಿ ಬರೀ ಜಲ್ಲಿ ಇದೆ." ಅವಳು ಉಸಿರು ತೆಗೆದುಕೊಂಡಳು. "ಈಗ ಹುಳ ಹೂವಿಂದ ನೆಲಕ್ಕೆ ಉದುರೋ ಹೊತ್ತು. ಅಕ್ಕಿ ಕಾಳಿನಷ್ಟೂ ಇರಲ್ಲ. ಇರುವೆ ಬಂದು ಎತ್ಕೊಂಡು ಹೋಗೋ ತನಕ ಹಾಗೇ ಬಿದ್ದಿರತ್ತೆ. ನನ್ನ ಕಳಿಸೋಕೆ ಊರು ಬಂದು ಅದರ ಮೇಲೆ ನಿಂತ್ರೆ, ಮುಗೀತು."

"ಪುಟ್ಟಿಗೆ ನೀನೇ ಹೇಳು."

"ಅವಳಿಗೆ ಹೇಳಿದ್ರೆ ನಾನು ಸಾಯೋದು ನಿಜ ಆಗ್ಬಿಡತ್ತೆ ಕಣೋ."

"ನೋಡೋಣ," ಎಂದ ತಮ್ಮ, ತಲೆ ತಗ್ಗಿಸಿ.

"ನೋಡೋಣ ಅಲ್ಲ. ಹೂಂ ಅನ್ನು."

ಅವನು ಹೂಂ ಎಂದ. ಅವಳು ಕೈ ಬಿಟ್ಟಳು. ಮಣಿಕಟ್ಟಿನ ಮೇಲೆ ಅವಳ ಬೆರಳಿನ ಗುರುತು ಬಸ್ಸು ಹತ್ತಿ ಮನೆ ಸೇರುವವರೆಗೂ ಇತ್ತು.

*

ಯಂತ್ರದವನಿಗೆ ಎರಡನೆಯ ಲೋಟ ಟೀ, ಅದರ ಜೊತೆಗೆ ಬಿಸ್ಕತ್ತು, ಆಮೇಲೆ ಅವನ ಅಪ್ಪನ ಕಾಯಿಲೆಯ ಕತೆ. ಹೀಗೆ ಅವನನ್ನು ಮಾತಿನಲ್ಲಿ ಕಟ್ಟಿಹಾಕಿ ಮಾಮ ತಲೆಯೆತ್ತಿದರೆ, ಬಾಗಿಲ ಬಳಿ ಹಾರೆಯಣ್ಣ ಇಲ್ಲ. ಅಡುಗೆಮನೆಯಲ್ಲಿ ಪುಟ್ಟಿಯೂ ಇಲ್ಲ. ಕಿಟಕಿಯಲ್ಲಿ ಇಣುಕಿದ. ಇಬ್ಬರೂ ದಿಬ್ಬದ ಬುಡದಲ್ಲಿ ನಿಂತಿದ್ದರು. ಹಾರೆಯಣ್ಣ ಕುಡುಗೋಲಿನಿಂದ ಗಾಳಿಯಲ್ಲಿ ಗೆರೆ ಎಳೆದು, ದಾರಿ ಎಲ್ಲಿಂದ ಎಲ್ಲಿಗೆಂದು ತೋರಿಸುತ್ತಿದ್ದ.

ಮಾಮ ಮತ್ತೆ ಓಡಿದ. ಒಂದೇ ಬೆಳಿಗ್ಗೆ ಎರಡು ಸಲ ಓಡಿದ್ದನ್ನು ಕಂಡು ಗೇಟಿನ ಬಳಿಯಿದ್ದ ನೆಂಟರು ಮುಖ ಮುಖ ನೋಡಿಕೊಂಡರು.

"ನಿಲ್ಸು ಹಾರೆಯಣ್ಣ. ಪುಟ್ಟಿ, ಒಂದು ಮಾತು."

"ಏನ್ ಮಾಮ?"

"ಅಕ್ಕ ಇಲ್ಲಿ ಬೇಡ ಅಂದಿದ್ಲು."

ಕೆಂಪು ದೀಪ ಕಂಡ ಚಾಲಕರ ಹಾಗೆ ಪುಟ್ಟಿಯ ಮೈ ಇದ್ದಲ್ಲೇ ಬಿಗಿಯಾಯಿತು. "ಎಲ್ಲಿ ಬೇಡ ಅಂದಿದ್ಲು?"

"ಇಲ್ಲಿ. ಭಾವನ ಪಕ್ಕ. ಹಿಂದಿನ ಗೋಡೆ ಹತ್ರ ಅಂದಿದ್ಲು."

"ಸಲಕರಣೆ ಕೋಣೆ ಹತ್ರ? ಹರಿದ ಪೈಪು, ಮುರಿದ ಬಕೆಟ್ ಹಾಕ್ತೀವಲ್ಲ, ಅಲ್ಲಿ?"

"ಹೂಂ."

"ಯಾವಾಗ ಹೇಳಿದ್ಲು?"

"ಆಸ್ಪತ್ರೇಲಿ."

"ನನಗೆ ಯಾಕೆ ಹೇಳ್ಲಿಲ್ಲ? ಜ್ವರದಲ್ಲಿ ಏನೋ ಬಡಬಡಿಸಿರ್ತಾಳೆ. ನೀನೂ ಸರಿಯಾಗಿ ಕೇಳಿಸ್ಕೊಂಡಿರಲ್ಲ. ನಿನಗೆ ಯಾವತ್ತು ಯಾವುದು ಖಾತ್ರಿ ಇತ್ತು ಮಾಮ?"

ಆ ಮಾತು ಅವನಿಗೆ ಚುಚ್ಚಿತು, ಯಾಕೆಂದರೆ ಸುಳ್ಳಾಗಿರಲಿಲ್ಲ. "ಈಗ ಹುಳ ನೆಲಕ್ಕೆ ಇಳಿಯೋ ಹೊತ್ತಂತೆ," ಎಂದ ಸಣ್ಣ ದನಿಯಲ್ಲಿ. "ಜನ ತುಳಿದ್ರೆ..."

"ಹುಳಕ್ಕೋಸ್ಕರ." ಪುಟ್ಟಿ ನಕ್ಕಳು, ಆ ನಗು ನೋಡಿ ಹಾರೆಯಣ್ಣ ಬೇರೆ ಕಡೆ ತಿರುಗಿದ. "ಶಾಲೇಲಿ ನಾನು ಪದ್ಯ ಹೇಳೋ ದಿನ ಹುಲ್ಲು ಹೊರೋಕಿತ್ತು. ಮುಂದಿನ ಸಾಲಲ್ಲಿ ಖಾಲಿ ಕುರ್ಚಿ ನೋಡ್ಕೊಂಡು ಪದ್ಯ ಹೇಳ್ದೆ. ಎಲ್ಲ ಮುಗಿದ ಮೇಲೆ ತಲೆ ತುಂಬ ಹುಲ್ಲಿನ ಬೀಜ ಸಿಕ್ಕಿಸ್ಕೊಂಡು ಬಂದ್ಲು. ಈಗ ಅಪ್ಪನ ಪಕ್ಕದಲ್ಲೂ ಇರಲ್ಲ ಅಂತಾಳೆ. ನಾನೂ ಒಂದು ಹುಳ ಆಗಿ ಹುಟ್ಟಬೇಕಿತ್ತು ಬಿಡು." ಅವಳು ಹಾರೆಯಣ್ಣನ ಕಡೆ ತಿರುಗಿದಳು. "ದಾರಿ ಸವರು."

ಹಾರೆಯಣ್ಣ ಕುಡುಗೋಲು ಹಿಡಿದು ಬಗ್ಗಿದ. ಬಗ್ಗಿದವನು ಹಾಗೇ ನಿಂತ. "ನೀವಿಬ್ರೂ ಒಂದು ಮಾತಿಗೆ ಬನ್ನಿ ತಾಯಿ," ಎಂದ. "ಈ ಹುಲ್ಲಿಗೆ ಕಬ್ಬಿಣ ಹಾಕೋ ಮುಂಚೆ ಅವರನ್ನ ಕೇಳ್ದೆ ಹಾಕಿದ್ದು ನನಗೆ ನೆನಪಿಲ್ಲ. ಕೈ ಬರ್ತಾ ಇಲ್ಲ."

*

ಭಾವ ಇದ್ದಾಗ ಆ ದಿಬ್ಬ ಕ್ಷೌರ ಮಾಡಿಸಿಕೊಂಡ ಗಲ್ಲದ ಹಾಗಿತ್ತು. ಸ್ಮಶಾನದ ಕಾವಲುಗಾರನಾಗಿದ್ದ ಅವನಿಗೆ ಹುಲ್ಲು ಬೆರಳುದ್ದ ಬೆಳೆದರೂ ನಿದ್ದೆ ಬರುತ್ತಿರಲಿಲ್ಲ. ಒಂದು ಮಾಮೂಲು ವಾರದ ಮಾಮೂಲು ದಿನ, ಗೇಟಿಗೆ ಎಣ್ಣೆ ಹಾಕುತ್ತಿದ್ದವನು ಅಲ್ಲೇ ಕುಸಿದ. ಸಮಿತಿಯವರು ಮನೆ ಬಿಡಿಸುವ ಬದಲು ಕೆಲಸವನ್ನೇ ಅಕ್ಕನಿಗೆ ಕೊಟ್ಟರು. ಅವಳು ಎಲ್ಲ ಕಡೆ ಹುಲ್ಲು ಕತ್ತರಿಸಿದಳು, ದಿಬ್ಬವೊಂದನ್ನು ಬಿಟ್ಟು. ಗಂಡ ಮಲಗಿದ್ದ ಕಡೆ ಗಂಡನದೇ ಯಂತ್ರ ಓಡಿಸಲು ಅವಳ ಕೈಲಾಗಲಿಲ್ಲ. ಸಂಜೆ ಹೊತ್ತು ಅಲ್ಲಿ ಹೋಗಿ ಸುಮ್ಮನೆ ಕೂರುತ್ತಿದ್ದಳು.

ಮುಂದಿನ ಬೇಸಿಗೆ ಅವನ ಗುಂಡಿಯ ಸಡಿಲ ಮಣ್ಣಿನ ಮೇಲೆ ನೇರಳೆ ಹೂವು ಹಬ್ಬಿತು. ಅದರ ಬೆನ್ನಿಗೇ ಹೆಬ್ಬೆರಳ ಉಗುರಿನಷ್ಟು ನೀಲಿ ಚಿಟ್ಟೆ. ರೆಕ್ಕೆ ಮುಚ್ಚಿದರೆ ಬೂದಿಯ ಚೂರು, ತೆರೆದರೆ ಕಣ್ಣಿಗೆ ಹೊಡೆಯುವ ನೀಲಿ. ಇದೇನೆಂದು ನೋಡಲು ತಮ್ಮನ ಅಂಗಡಿಯಿಂದ ಭೂತಗನ್ನಡಿ ಇಸಿದುಕೊಂಡು ಹೋದವಳು ವಾಪಸು ಕೊಡಲೇ ಇಲ್ಲ. ಯಾರೋ ಹೇಳಿ ಕಾಲೇಜಿನ ಜೀವಶಾಸ್ತ್ರದ ಮೇಡಂ ಬಂದರು. ಮೊಣಕಾಲೂರಿ ನೋಡಿದ ಮೇಡಂ ಏಳುವುದಕ್ಕೇ ಮರೆತರು. ಈ ಸೀಮೆಯಲ್ಲಿ ಇದು ಮುಗಿದೇಹೋಯಿತು ಅಂದುಕೊಂಡಿದ್ವಿ, ಇಲ್ಲಿ ನೀವೇನು ಮಾಡಿದ್ರಿ ಎಂದು ಕೇಳಿದರು. ಏನೂ ಮಾಡಿಲ್ಲ ಎಂದಳು ಅಕ್ಕ. ಸರಿ, ಹಾಗೇ ಏನೂ ಮಾಡದೆ ಇರೋಣ ಎಂದು ಇಬ್ಬರೂ ತೀರ್ಮಾನಿಸಿದರು.

ಅಲ್ಲೇ ಎಡವಿದ್ದು. ಹುಲ್ಲು ಸೊಂಟದ ಮಟ್ಟ ಬಂತು, ಮುಳ್ಳುಪೊದೆ ನುಗ್ಗಿತು, ವರ್ಷದಿಂದ ವರ್ಷಕ್ಕೆ ನೀಲಿ ಕಡಿಮೆಯಾಯಿತು. ಒಂದು ಬೇಸಿಗೆಯಲ್ಲಂತೂ ಕಂಡದ್ದು ಒಂದೇ ಒಂದು ಚಿಟ್ಟೆ, ಅದೂ ರೆಕ್ಕೆ ಹರಿದದ್ದು. ಅಕ್ಕನಿಗೆ ಅನ್ನ ಸೇರದಾಯಿತು. ಗಂಡ ಎರಡನೇ ಸಲ ಹೋದ ಹಾಗೆ ಮೂಲೆ ಹಿಡಿದು ಕೂತಳು. ಮೇಡಂ ವಾರಗಟ್ಟಲೆ ಹುಲ್ಲಿನ ಬುಡ ಕೆದಕಿ ಕೊನೆಗೆ ಕಾರಣ ಹಿಡಿದರು. ಚಿಟ್ಟೆಯಾಗಬೇಕಾದ ಹುಳವನ್ನು ಗೂಡಿಗೆ ಎತ್ತಿಕೊಂಡು ಹೋಗಿ ಚಳಿಗಾಲವೆಲ್ಲ ಸಾಕುವ ಕೆಂಪು ಇರುವೆಗೆ ಬೆಚ್ಚನೆಯ ನೆಲ ಬೇಕು; ಎತ್ತರದ ಹುಲ್ಲು ನೆರಳು ಕವಿದು ನೆಲ ತಣ್ಣಗಾಗಿತ್ತು, ಇರುವೆ ಜಾಗ ಖಾಲಿ ಮಾಡಿತ್ತು.

"ನಾವಿಬ್ರೂ ಮುದ್ದು ಮಾಡಿ ಮಾಡಿ ಕೊಲ್ತಾ ಇದೀವಿ," ಎಂದರಂತೆ ಮೇಡಂ.

ಅಲ್ಲಿಂದ ಅಕ್ಕನ ಪಾಡು ಶುರುವಾಯಿತು. ಮೊದಲೇ ಕೊಯ್ದರೆ ಹೂವಿನಲ್ಲಿದ್ದ ಹುಳ ಸಾಯುತ್ತದೆ, ಕೊಯ್ಯದೇ ಬಿಟ್ಟರೆ ಇರುವೆ ಹೋಗುತ್ತದೆ. ಹುಳ ಗೂಡು ಸೇರಿದ ಮೇಲೆ, ಹುಲ್ಲು ಒಣಗಿದ ಮೇಲೆ, ನೆಲ ಕಾಣುವ ಹಾಗೆ ಗಿಡ್ಡಗೆ ಕೊಯ್ಯಬೇಕು. ಕೊಯ್ದ ಹುಲ್ಲನ್ನು ಒಂದೆಳೆ ಬಿಡದೆ ಹೊತ್ತು ಆಚೆ ಹಾಕಬೇಕು, ಕೊಳೆತರೆ ನೆಲ ಕೊಬ್ಬಿ ಮತ್ತೆ ಹುಲ್ಲೇ ಗೆಲ್ಲುತ್ತದೆ. ಒಂದು ಭಾಗವನ್ನು ಸರದಿಯ ಮೇಲೆ ಹಾಗೇ ಉಳಿಸಬೇಕು. ಸ್ಮಶಾನ ಕಾಡಾಗಿದೆ, ಸಂಬಳ ತಗೊಂಡು ಮಲಗಿರ್ತಾಳೆ ಎಂದು ಊರಿನವರು ಆಡಿದ್ದನ್ನೆಲ್ಲ ಹೊಟ್ಟೆಗೆ ಹಾಕಿಕೊಂಡಳು. ಹುಲ್ಲಿನ ಹೊರೆ ಹೊತ್ತು ಮಾಮನ ಬೆನ್ನು ಆಗ ಹಿಡಿದುಕೊಂಡದ್ದು ಇನ್ನೂ ಬಿಟ್ಟಿರಲಿಲ್ಲ. ನಿಧಾನವಾಗಿ, ಒಂದು ಬೇಸಿಗೆಗೆ ಒಂದಿಷ್ಟು, ನೀಲಿ ಮರಳಿ ಬಂತು. ಅಕ್ಕನಿಗೆ ಮಾತ್ರ ನೆಮ್ಮದಿ ಮರಳಲಿಲ್ಲ. ಪ್ರತಿ ವರ್ಷ ಮೊದಲ ಚಿಟ್ಟೆ ಕಾಣುವ ತನಕ ಪರೀಕ್ಷೆ ಬರೆದು ಫಲಿತಾಂಶ ಕಾಯುವವಳ ಹಾಗೆ ಉಗುರು ಕಚ್ಚುತ್ತ ದಿಬ್ಬದ ಅಂಚಿನಲ್ಲಿ ನಿಂತಿರುತ್ತಿದ್ದಳು.

*

"ಪುಟ್ಟಿ," ಎಂದ ಮಾಮ. ಈ ಸಲ ಅವನು ಹಿಂದೆ ಸರಿಯಲಿಲ್ಲ. "ಅಕ್ಕನಿಗೆ ಭಾವನ ಪಕ್ಕ ಬೇಡವಾಗಿರ್ಲಿಲ್ಲ. ಹುಲ್ಲು ಒಣಗೋ ತನಕ ನಾನಿದ್ರೆ ಅವರ ಪಕ್ಕ ಹಾಕಿ ಅಂದಿದ್ಲು. ಅದಕ್ಕೆ ಮುಂಚೆ ಹೋದ್ರೆ ಮಾತ್ರ ಗೋಡೆ ಹತ್ರ ಅಂದ್ಲು."

ಪುಟ್ಟಿ ತಿರುಗಿದಳು. "ಏನಂದೆ?"

"ಹುಲ್ಲು ಒಣಗೋ ತನಕ."

ದಿಬ್ಬವನ್ನು ನೋಡಿದಳು, ಮಾಮನನ್ನು ನೋಡಿದಳು. "ಡ್ಯೂಟಿ ಮುಗಿಸ್ಕೊಂಡು ನಾನು ಏದುಸಿರು ಬಿಡ್ತಾ ಆಸ್ಪತ್ರೆಗೆ ಓಡ್ತಿದ್ದೆ," ಎಂದಳು ನಿಧಾನವಾಗಿ. "ಊಟ ಆಯ್ತಾ ಅಂತ ಕೇಳ್ತಿರ್ಲಿಲ್ಲ. ಕೂತ್ಕೊ ಅಂತಿರ್ಲಿಲ್ಲ. ಬಾಗಿಲಲ್ಲೇ ಕೇಳೋಳು, ಹುಲ್ಲು ಒಣಗಿತಾ ಅಂತ. ದಿನಾ ಅದೇ. ನನಗೆ ಮೈಯೆಲ್ಲ ಉರಿಯೋದು. ಇಲ್ಲ, ಇನ್ನೂ ಹಸಿರಾಗೇ ಇದೆ ಅಂತ ಮುಖಕ್ಕೆ ಹೊಡೆದ ಹಾಗೆ ಹೇಳ್ತಿದ್ದೆ."

ಮಾಮನಿಗೆ ಇದು ಗೊತ್ತಿರಲಿಲ್ಲ. ಗೊತ್ತಿದ್ದದ್ದು ಇನ್ನೊಂದು ತುದಿ. "ನೀನು ಬಂದು ಹೋದ ಮೇಲೆ ಅಕ್ಕ ಊಟ ತರಿಸ್ಕೊಳ್ತಿದ್ಲು ಅಂತ ನರ್ಸು ಹೇಳೋರು. ಬೆಳಿಗ್ಗೆಯಿಂದ ಏನೂ ಬೇಡ ಅಂತಿದ್ದೋಳು, ನೀನು ಹೋದ ತಕ್ಷಣ ಎದ್ದು ಕೂತು, ಒರಗಿಸಿ ಅಂತ ಹೇಳಿ, ಕಣ್ಣು ಮುಚ್ಕೊಂಡು ನುಂಗೋಳಂತೆ. ಮಗಳ ಮುಖ ನೋಡಿ ಹಸಿವಾಗತ್ತೇನೋ ಅಂದ್ಕೊಂಡಿದ್ದೆ ನಾನು."

ಹಾರೆಯಣ್ಣ ಕುಡುಗೋಲನ್ನು ಸದ್ದಾಗದ ಹಾಗೆ ನೆಲಕ್ಕಿಟ್ಟ.

ಪುಟ್ಟಿ ಅಲ್ಲೇ, ಕತ್ತರಿಸಿದ ಪಟ್ಟೆಯ ಮೇಲೆ ಕುಕ್ಕರಿಸಿದಳು. ಎರಡೂ ಕೈಯಿಂದ ಬಾಯಿ ಮುಚ್ಚಿಕೊಂಡಳು. ಮಾಮ ಪಕ್ಕದಲ್ಲಿ ಕೂತ. ಏನು ಮಾಡಬೇಕೆಂದು ತೋಚದೆ ಅವಳ ತಲೆಯ ಮೇಲೆ ಕೈಯಿಟ್ಟ, ತೆಗೆದ, ಮತ್ತೆ ಇಟ್ಟ. ದಿಬ್ಬದ ಮೇಲೆ ಗಾಳಿ ಬಂದು ಹುಲ್ಲು ಒಂದು ಕಡೆಗೆ ವಾಲಿತು. ತುದಿಯಲ್ಲಿ ಎಲ್ಲೋ ಒಂದೊಂದು ತೆನೆ ಹಳದಿಗೆ ತಿರುಗಿತ್ತು. ಬುಡವೆಲ್ಲ ಹಸಿರು.

"ಅಪ್ಪನ ಪಕ್ಕ ಮಲಗೋಕೆ ಇನ್ನೊಂದೇ ತಿಂಗಳು ಬದುಕ್ಬೇಕಿತ್ತು ಮಾಮ," ಎಂದಳು ಪುಟ್ಟಿ. "ಒಣಗಿದೆ ಅಂತ ಒಂದು ಸುಳ್ಳು ಹೇಳಿದ್ರೂ ಆಗಿತ್ತು. ನೆಮ್ಮದಿಯಾಗಿ ಹೋಗ್ತಿದ್ಲು."

"ಸುಳ್ಳು ಅಂತ ಕಂಡುಹಿಡೀತಿದ್ಲು. ಗಾಳಿ ವಾಸನೆಯಲ್ಲೇ ಗೊತ್ತಾಗೋದು ಅವಳಿಗೆ."

ಆಮೇಲೆ ಪುಟ್ಟಿ ಮೂಗು ಒರೆಸಿಕೊಂಡು ಎದ್ದಳು. "ಹಾರೆಯಣ್ಣ, ಗೋಡೆ ಹತ್ರ ನಡಿ. ಆ ಮುರಿದ ಬಕೆಟ್ಟು, ಪೈಪು ಎಲ್ಲ ನಾನು ಎತ್ತಿ ಹಾಕ್ತೀನಿ. ನಮ್ಮಮ್ಮನ್ನ ಗುಜರಿ ಮಧ್ಯೆ ಮಲಗಿಸಲ್ಲ."

ಮಧ್ಯಾಹ್ನದ ಹೊತ್ತಿಗೆ ಜನ ಬಂದರು. ಮಾಮ ಲೆಕ್ಕ ಹಾಕಿದ್ದಕ್ಕಿಂತ ಬಹಳ ಜಾಸ್ತಿ. ಅಕ್ಕ ಯಾರ್ಯಾರ ಮನೆಯವರ ಗುಂಡಿಯ ಮೇಲೆ ನೀರು ಚಿಮುಕಿಸಿದ್ದಳೋ, ದೂರದೂರಿನಲ್ಲಿದ್ದ ಯಾರ್ಯಾರ ಪರವಾಗಿ ಕಲ್ಲು ತೊಳೆದಿದ್ದಳೋ, ಅವರೆಲ್ಲ ಬಂದರು. ಅಷ್ಟು ಜನ ಬಂದದ್ದಕ್ಕೆ ಅವನ ಎದೆ ತುಂಬಿತು, ಆ ಜನಕ್ಕೆಲ್ಲ ಎರಡೆರಡು ಕಾಲಿರುವುದನ್ನು ನೆನೆದು ಅದೇ ಎದೆ ಬಡಿದುಕೊಂಡಿತು. ಸಲಕರಣೆ ಕೋಣೆಯ ಮುಂದಿನ ಜಾಗ ಅಂಗೈಯಷ್ಟು. ಹಿಂದೆ ನಿಂತವರಿಗೆ ಏನೂ ಕಾಣುವುದಿಲ್ಲ. ದಿಬ್ಬ ಹತ್ತಿ ನಿಂತರೆ ಎಲ್ಲ ಚೆನ್ನಾಗಿ ಕಾಣುತ್ತದೆ ಎಂಬುದು ಯಾರಿಗೂ ಹೇಳಿಕೊಡಬೇಕಾದ ಮಾತಲ್ಲ. ಅವನು ದಿಬ್ಬದ ಅಂಚಿನಲ್ಲಿ ಹಗ್ಗ ಕಟ್ಟಿದ. ಹಗ್ಗ ಸಾಲದಾದಾಗ ತಾನೇ ನಿಂತ. ಈ ತುದಿಯಿಂದ ಆ ತುದಿಗೆ, ಆ ತುದಿಯಿಂದ ಈ ತುದಿಗೆ ಓಡಾಡಿದ.

ಸಮಿತಿಯ ಅಧ್ಯಕ್ಷರು ಬಂದರು. ಮೃದು ಮನಸ್ಸಿನ ಮನುಷ್ಯ, ಆಗಲೇ ಕರವಸ್ತ್ರ ಒದ್ದೆಯಾಗಿತ್ತು. ಅವರ ಹಿಂದೆ ಯಂತ್ರದವ.

"ಏನ್ರೀ ಇದು, ಹುಲ್ಲು ಹಾಗೇ ಬಿಟ್ಟಿದೀರಿ?" ಎಂದರು. "ಈವತ್ತು ಒಂದು ದಿನ ಆದ್ರೂ ಅವರ ಕೆಲಸ ಚೆನ್ನಾಗಿ ಕಾಣ್ಬೇಡ್ವೇ? ಜನ ಏನಂದ್ಕೊಳ್ತಾರೆ? ಇನ್ನೂ ಟೈಮಿದೆ, ಮೇಲ್ಮೇಲೆ ಒಂದು ಸಲ ಓಡಿಸಲಿ. ಆಮೇಲೆ ಜನಾನೂ ಅಲ್ಲೇ ನಿಂತ್ಕೋಬಹುದು."

"ಇಲ್ಲ," ಎಂದ ಮಾಮ.

ಅಧ್ಯಕ್ಷರಿಗೆ ಸರಿಯಾಗಿ ಕೇಳಿಸಲಿಲ್ಲವೆಂದು ತೋರಿತು. "ಏನಂದ್ರಿ?"

"ಆಗಲ್ಲ. ಇದರ ಮೇಲೆ ಯಂತ್ರಾನೂ ಹೋಗಲ್ಲ, ಕಾಲೂ ಹೋಗಲ್ಲ. ಇದೇ ಸಾರ್ ಅವಳ ಕೆಲಸ. ಹೀಗೇ ಇರೋದು ಅದು." ಹಗ್ಗದ ಗೂಟ ಹಿಡಿದುಕೊಂಡ. "ನಿಮಗೆ ಬೇಜಾರಾದ್ರೆ ಕ್ಷಮಿಸಿ."

ಅಧ್ಯಕ್ಷರು ಅವನನ್ನು ಅಡಿಯಿಂದ ಮುಡಿಯವರೆಗೆ ನೋಡಿದರು, ಅರ್ಧ ಹೆರೆದ ಗಡ್ಡ, ಜೋಡಿಯಲ್ಲದ ಚಪ್ಪಲಿ. ಕರವಸ್ತ್ರವನ್ನು ಮಡಿಸಿದರು. "ಹಾಗಾದ್ರೆ ಜನಾನ ಗೋಡೆ ಕಡೆಯಿಂದ ಕಳಿಸ್ಬೇಕು," ಎಂದರು. "ಈ ಮೂಲೆ ನಾನು ನೋಡ್ಕೊಳ್ತೀನಿ. ಆ ಕಡೆ ಮೂಲೆಗೆ ನೀವು ಹೋಗಿ." ಯಂತ್ರದವನೂ ಕಿವಿಯ ಹತ್ತಿ ತೆಗೆದು, ನಡುವೆ ಕೈ ಚಾಚಿಕೊಂಡು ನಿಂತ.

ಪೆಟ್ಟಿಗೆ ಹೊರಟಿತು. ಸೀದಾ ಹೋಗುವ ದಾರಿ ಬಿಟ್ಟು ಸ್ಮಶಾನದ ಮೂರು ಕಡೆ ಸುತ್ತು ಹಾಕಿ, ಗೋಡೆಗೂ ಹಗ್ಗಕ್ಕೂ ನಡುವಿನ ಸಂದಿಯಲ್ಲಿ ಹೊತ್ತವರು ಅಡ್ಡಡ್ಡ ಹೆಜ್ಜೆ ಇಡಬೇಕಾಯಿತು. ಒಬ್ಬನ ಮೊಣಕೈ ಗೋಡೆಗೆ ತರಚಿತು. ತಿರುವಿನಲ್ಲಿ ಪೆಟ್ಟಿಗೆ ವಾಲಿದಾಗ ಜನರ ಉಸಿರು ಒಟ್ಟಿಗೇ ನಿಂತಿತು. ಮುಂದೆ ಹೊತ್ತವನ ಒಂದು ಕಾಲು ಹಗ್ಗದಾಚೆ ಗಾಳಿಯಲ್ಲಿತ್ತು. ಆಗ ಪುಟ್ಟಿ ಮುಂದೆ ಬಂದಳು. ಹಿಮ್ಮುಖವಾಗಿ ನಡೆಯುತ್ತ, ಇಕ್ಕಟ್ಟಿನ ಗಲ್ಲಿಯಲ್ಲಿ ಬಸ್ಸು ತಿರುಗಿಸುವಾಗಿನಂತೆ ಎರಡೂ ಕೈ ಎತ್ತಿದಳು.

"ಬರ್ಲಿ, ಬರ್ಲಿ. ಎಡಕ್ಕೆ. ಸ್ವಲ್ಪ ಎಡಕ್ಕೆ. ಹಾಂ, ಹಾಗೇ ಬರ್ಲಿ. ನಿಧಾನ ಅಣ್ಣ, ಗೋಡೆ ಇದೆ. ಬರ್ಲಿ, ಬರ್ಲಿ, ಬರ್ಲಿ."

ಅವಳ ಕಣ್ಣಿಂದ ನೀರು ಸುರಿಯುತ್ತಿತ್ತು, ದನಿ ಮಾತ್ರ ಒಂದಿಷ್ಟೂ ಅಲುಗಲಿಲ್ಲ. ಹೊತ್ತವನ ಕಾಲು ಹಗ್ಗದ ಈಚೆಗೇ ಇಳಿಯಿತು. ಕಾಲೇಜಿನ ಮೇಡಂ ಗುಂಪಿನ ಕೊನೆಯಲ್ಲಿ ನಿಂತು, ಅಲ್ಲಿಯವರೆಗೆ ಹಿಡಿದಿದ್ದ ಉಸಿರನ್ನು ಬಿಟ್ಟರು.

ಸಂಜೆಗೆ ಎಲ್ಲರೂ ಹೋದರು. ಹಾರೆಯಣ್ಣ ಕೊನೆಯ ಸಲಿಕೆ ಮಣ್ಣು ತಟ್ಟಿ, ಕೈ ತೊಳೆದು ಹೊರಟ. ಮಾಮ ಹಗ್ಗ ಬಿಚ್ಚಲು ಬಂದವನು ಬಿಚ್ಚಲಿಲ್ಲ. ಬೇಲಿಯಾಚೆ ರಸ್ತೆಯಲ್ಲಿ ಹೋಗುವವರನ್ನು ನೋಡಿದ. ನಾಳೆ ಯಾರಾದರೂ ಅಡ್ಡ ಹಾಯ್ದರೆ? ರಾತ್ರಿ ಮಳೆ ಹೊಡೆದರೆ? ಕೊಯ್ಲಿಗೆ ಯಾರು, ಹೊರೆ ಹೊರಲು ಯಾರು? ಅಕ್ಕನ ಚಿಂತೆಗಳೆಲ್ಲ ಸಾಲಾಗಿ ಬಂದು ತನ್ನ ಹೆಗಲ ಮೇಲೆ ಕೂರುತ್ತಿರುವುದು ಅವನಿಗೆ ಗೊತ್ತಾಗುತ್ತಿತ್ತು.

ಆಗ ದಿಬ್ಬದ ಬುಡದಲ್ಲಿ ಪುಟ್ಟಿ ಕಂಡಳು. ಅಪ್ಪನ ಕಲ್ಲಿನ ಕಡೆಗೆ ಮುಖ ಮಾಡಿ ನಿಂತಿದ್ದಳು. ಈವತ್ತು ಇಡೀ ದಿನ ಆ ಕಲ್ಲಿನ ಬಳಿಗೆ ಯಾರೂ ಹೋಗಿರಲಿಲ್ಲ, ಹೆಂಡತಿ ಹೋದದ್ದನ್ನು ಭಾವನಿಗೆ ಯಾರೂ ಹೇಳಿರಲಿಲ್ಲ. ಅವಳು ಬೂಟು ಬಿಚ್ಚಿದಳು. ಕಾಲುಚೀಲವನ್ನೂ ಎಳೆದು ಬೂಟಿನೊಳಗೆ ತುರುಕಿದಳು. ಹಗ್ಗವನ್ನು ದಾಟಿದಳು.

ಮಾಮನ ಬಾಯಿಗೆ ಮಾತು ಬಂತು. ತಡೆದುಕೊಂಡ.

ಪುಟ್ಟಿ ಬಗ್ಗಿ, ಎರಡೂ ಕೈಯಿಂದ ಹುಲ್ಲನ್ನು ಬಿಡಿಸಿ, ನೆಲವನ್ನು ಹತ್ತಿರದಿಂದ ನೋಡಿದಳು. ಒಂದು ಹೆಜ್ಜೆ ಇಟ್ಟಳು. ಮತ್ತೆ ಬಿಡಿಸಿ ನೋಡಿದಳು. ಇನ್ನೊಂದು ಕಾಲನ್ನು ಎತ್ತಿದವಳು ಎಲ್ಲಿಡಬೇಕೆಂದು ತಿಳಿಯದೆ, ಆ ಬರಿಗಾಲನ್ನು ಗಾಳಿಯಲ್ಲೇ ಹಿಡಿದು, ಇಳಿಬಿಸಿಲಿನಲ್ಲಿ ಒಂಟಿ ಕಾಲ ಮೇಲೆ ಓಲಾಡುತ್ತ, ನೆಲದಲ್ಲಿ ಜಾಗ ಹುಡುಕುತ್ತಲೇ ನಿಂತಳು.